ಕಬ್ಬಿನ ಸೀಮೆಯಲ್ಲಿ ಸಪ್ಪನೆಯ ಶುಂಠಿ ಚಹಾ

ಕಬ್ಬು ಬೆಳೆಯುವ ಸೀಮೆಯಲ್ಲಿ ಹುಟ್ಟಿ, ಸಕ್ಕರೆ ಹಾಕದ ಚಹಾ ಕೊಡಿರೆಂದು ಕೇಳುವವನ ಪಾಲಿಗೆ ಇಂಥ ಪ್ರಸಂಗಗಳು ಒದಗುತ್ತಲೇ ಇರುತ್ತವೆ. ಒಂದನ್ನು ನುಂಗಿಕೊಳ್ಳುವಷ್ಟರಲ್ಲಿ ಇನ್ನೊಂದು ಕಪ್ಪು-ಬಸಿಯ ಸಮೇತ ಎದುರಿಗೆ ಬಂದು ನಿಲ್ಲುತ್ತದೆ. ನಾನು ಸ್ವಭಾವತಃ ಕೋಪಿಷ್ಠನಲ್ಲ ಎಂದು ಇಲ್ಲಿಯೇ ಬರೆದುಬಿಡಬೇಕೆಂದಿದ್ದೆ. ಆದರೆ ಈ ಪುಟಗಳನ್ನು ನನ್ನ ಹೆಂಡತಿಯೂ ಓದುವವಳಿದ್ದಾಳೆ. ಆದ್ದರಿಂದ ಆ ವಾಕ್ಯವನ್ನು ಕೈಬಿಟ್ಟಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಒಂದು ಕಾರ್ತಿಕಮಾಸದ ಮಾತು. ಚಿಕ್ಕೋಡಿಯಲ್ಲಿ ಬಹುಕಾಲ ಹಳಗನ್ನಡ ಕಲಿಸಿ ನಿವೃತ್ತನಾಗಿದ್ದ ನನ್ನನ್ನು ಕಾಗವಾಡದ ಹಿರಿಯರು ಕಾವ್ಯವಾಚನಕ್ಕೆ ಕರೆದಿದ್ದರು. ದಿನಕ್ಕೊಂದು ಸಂಜೆಯಂತೆ ಒಂದು ಪಕ್ಷದ ಕಾಲ ಪದ್ಯವನ್ನು ಹಾಡಿ ಅರ್ಥ ಹೇಳಬೇಕು. ಕೊನೆಯ ಸಂಜೆಗೆ, ಯುದ್ಧ ಮುಗಿದ ಕಳದಲ್ಲಿ ತಾಯಿಯೊಬ್ಬಳು ಮಗನ ದೇಹವನ್ನು ಹುಡುಕುತ್ತ ಅಲೆಯುವ ಭಾಗ. ನನ್ನ ಗುರುಗಳು ಅದನ್ನು ಓದಿದಾಗ ಇಡೀ ಸಭೆ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡವನು. ನಾನು ಓದಿದಾಗಲೆಲ್ಲ, ಆ ತಾಯಿ ಕಳಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ, ಸಭೆಯಲ್ಲೊಬ್ಬನು ಎದ್ದು ಕೊನೆಯ ಬಸ್ಸು ಯಾವಾಗೆಂದು ಪಕ್ಕದವನನ್ನು ಕೇಳುತ್ತಿದ್ದನು. ಸಾಯುವುದರೊಳಗೆ ಒಮ್ಮೆಯಾದರೂ ನನ್ನ ಕಂಠಕ್ಕೆ ಕೇಳುಗರ ಕಣ್ಣು ಒದ್ದೆಯಾಗಬೇಕು. ಬೇರೆ ಯಾವ ಸನ್ಮಾನವೂ ನನಗೆ ಬೇಕಿರಲಿಲ್ಲ. ಹೀಗಿರಲು, ಹೊರಡುವ ದಿನ ಹತ್ತಿರವಾದಂತೆ ನನ್ನ ಗಂಟಲು ಹಿಡಿದುಕೊಂಡಿತು.

ಸುದ್ದಿ ತಿಳಿದ ಕಾಗವಾಡದ ಸಮಿತಿಯ ಅಧ್ಯಕ್ಷರು, ದೊಡ್ಡ ದ್ರಾಕ್ಷಿ ತೋಟದ ಒಡೆಯರು, ನನ್ನನ್ನು ಹೀಗೆ ಸಂತೈಸಿದರು: "ಕಾಳಜಿ ಮಾಡಬ್ಯಾಡ್ರಿ ಪಂಡಿತ್ರ. ನಿಮ್ಮ ಗಂಟಲ ಹ್ವಾದ್ರ ಟೇಪ್ ಹಚ್ಚತೇವಿ. ನಮ್ಮ ಸ್ಪೀಕರಿನವ ಹೊಸಾ ಟೇಪ್‌ರೆಕಾರ್ಡರ್ ತಂದಾನ."

ಒಂದು ಜೀವಮಾನವನ್ನೇ ಕಾವ್ಯಕ್ಕೆ ತೆತ್ತ ಕಂಠದ ಪೀಠದಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಏನಾದರೂ ಆಗಲಿ, ಕೊನೆಯ ಸಂಜೆಯವರೆಗೆ ಈ ಗಂಟಲನ್ನು ಕಾಪಾಡಿಕೊಳ್ಳುತ್ತೇನೆ.

೧. ವೈದ್ಯರ ಮನೆಯ ಚಹಾ

ನಿಪ್ಪಾಣಿಯಲ್ಲಿ ಒಬ್ಬ ಹಳೆಯ ವೈದ್ಯರಿದ್ದರು. ತಂಬಾಕಿನ ಗೋದಾಮುಗಳ ಘಾಟು ಬಸ್ ನಿಲ್ದಾಣದಿಂದಲೇ ನನ್ನ ಕೈಹಿಡಿದು ಕರೆದೊಯ್ದುದರಿಂದ ಅವರ ಮನೆಯನ್ನು ಕೆಮ್ಮುತ್ತಲೇ ಸೇರಿದೆ. ರೋಗವನ್ನು ವರ್ಣಿಸುವ ಶ್ರಮ ಉಳಿಯಿತು.

"ಬಸಾ, ಬಸಾ," ಎಂದು ಮರಾಠಿಯಲ್ಲಿ ಕೂರಿಸಿ, "ಬಾಯಿ ತಗೀರಿ," ಎಂದು ಅವರು ಇಣುಕಿ ನೋಡಿದರು. "ಕಫಾ ಕಟ್ಟೈತಿ. ಗುಳಗಿ ಬ್ಯಾಡ. ಹಸಿ ಶುಂಠಿ ಜಜ್ಜಿ, ನೀರಾಗ ಕುದಿಸಿ ಚಾ ಮಾಡಿ ಕುಡೀರಿ. ಹಾಲ ಬ್ಯಾಡ. ಸಕ್ರಿ ಅಂತೂ ಮುಟ್ಟಬ್ಯಾಡ್ರಿ, ಸಿಹಿ ಬಿತ್ತಂದ್ರ ಕಫಾ ಮತ್ತ ಕೂಡತೈತಿ. ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ. ಹೆಚ್ಚ ಕುಡದ್ರ ಗಂಟಲ ಸುಟ್ಟು ಇದ್ದ ದನೀನೂ ಹೋಗತೈತಿ, ನೋಡ್ರಿ ಮತ್ತ."

ನಮ್ಮ ಕಡೆ ಹಸಿಶುಂಠಿಯನ್ನು ‘ಅಲ್ಲ’ ಎಂದು ಕರೆಯುವುದೇ ಹೆಚ್ಚು. ವೈದ್ಯರು ಶಾಸ್ತ್ರಗೌರವದಿಂದ ಶುಂಠಿ ಎಂದರು, ನಾನೂ ಹಾಗೆಯೇ ಬರೆಯುತ್ತೇನೆ. ಶುಂಠಿಯನ್ನು ಸಂಸ್ಕೃತದವರು ‘ವಿಶ್ವಭೇಷಜ’ವೆಂದದ್ದು ಸುಮ್ಮನೆ ಅಲ್ಲವೆಂದು ನಾನು ಹೇಳುತ್ತಿರುವಷ್ಟರಲ್ಲಿ ಒಳಗಿನಿಂದ ಚಹಾ ಬಂತು. ಬಸಿಯ ಅಂಚಿನವರೆಗೆ ತುಳುಕುವ ಚಹಾ, ಮೇಲೆ ಕೆನೆ, ಅಡಿಯಲ್ಲಿ ಇನ್ನೂ ಕರಗಲೊಲ್ಲದ ಸಕ್ಕರೆಯ ದಿಬ್ಬ.

"ವೈದ್ಯರೇ, ತಾವು ಈಗಷ್ಟೇ ಹೇಳಿದಿರಿ..."

"ಅದು ಔಷಧದ ಚಾದ ಮಾತಾತ್ರಿ. ಇದು ಮನಿ ಚಾ. ಬಂದವ್ರಿಗೆ ಸಪ್ಪನ ಚಾ ಕೊಟ್ಟ ಅಂತಂದ್ರ ನಾಳಿ ಊರಾಗ ನನಗ ಯಾರರ ಮಾತಾಡಸ್ತಾರ?"

"ನನ್ನ ಪಥ್ಯ?"

"ಪಥ್ಯಾ ನಾಳಿಂದ್ರಿ. ಕುಡೀರಿ, ಆರತೈತಿ."

ಗೃಹಿಣಿಯು ಬಾಗಿಲಲ್ಲಿ ನಿಂತು ನೋಡುತ್ತಿದ್ದುದರಿಂದ ಕುಡಿದೆ. ಮೊದಲಿಗಿಂತ ಜೋರಾಗಿ ಕೆಮ್ಮುತ್ತ ಹೊರಬಿದ್ದಾಗ, ಕಟ್ಟೆಯ ಮೇಲೆ ಕಾದಿದ್ದ ಮುಂದಿನ ರೋಗಿ ಅನುಕಂಪದಿಂದ ಕೇಳಿದನು: "ಚಾ ಆತೇನ್ರಿ?"

೨. ಗಂಟಲು ವಿಚಾರಿಸಲು ಬಂದವರು

ಮರುದಿನ ಚಿಕ್ಕೋಡಿಯ ನನ್ನ ಮನೆಯಲ್ಲಿ ಹೆಂಡತಿ ವೈದ್ಯರ ಮಾತನ್ನು ಅಕ್ಷರಶಃ ಪಾಲಿಸಿದಳು. ನಾನು ಆ ಕಪ್ಪು ಚಹಾವನ್ನು ಹಿಡಿದು ಬಿಸಿಲು ಕಾಯಿಸುತ್ತ ಕಟ್ಟೆಯ ಮೇಲೆ ಕುಳಿತದ್ದೇ ತಪ್ಪಾಯಿತು. ನೀರು ತರಲು ಹೊರಟಿದ್ದ ನೆರೆಮನೆಯವಳು ನನ್ನ ಬಟ್ಟಲಿನೊಳಗೆ ಕಣ್ಣಿಟ್ಟು ನಿಂತಳು.

"ಕಾಕಾರ, ಕರೀ ಚಾ ಯಾಕ್ರಿ? ಎಮ್ಮಿ ಬತ್ತೇತೇನು?"

"ಎಮ್ಮೆ ಚೆನ್ನಾಗಿದೆ. ನಾನೇ ಹಾಲು ಬಿಟ್ಟಿದ್ದೇನೆ. ಸಕ್ಕರೆಯನ್ನೂ ಬಿಟ್ಟಿದ್ದೇನೆ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಕೊಡವನ್ನು ಕೆಳಗಿಟ್ಟಳು. ಸಕ್ಕರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಒಂದೇ ಕಾರಣ ಉಂಟೆಂದು ನಂಬಿಕೆ. ಮಧ್ಯಾಹ್ನದ ಹೊತ್ತಿಗೆ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೊತ್ತು ಇಳಿಯುವುದರೊಳಗೆ ಅದು ಉಲ್ಬಣಿಸಿತ್ತು. ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ತರರು. ನನ್ನ ಮುಖವನ್ನು ನೋಡದೆ ಧೋತರದ ಅಂಚಿನ ಕಡೆಗೇ ನೋಡುತ್ತ ಕುಳಿತರು. ಕೊನೆಗೆ, "ಎರಡೂ ಅದಾವಲ್ರಿ?" ಎಂದರು.

"ಏನು ಎರಡು?"

"ಕಾಲ್ರಿ. ಒಂದ ತಗದಾರಂತ ಪ್ಯಾಟ್ಯಾಗ ಅನ್ನಾಕತ್ತಾರ."

ನಾನು ಎದ್ದು ನಿಂತು ಎರಡು ಕಾಲುಗಳನ್ನೂ ಪ್ರದರ್ಶಿಸಬೇಕಾಯಿತು. ಆಮೇಲೆ ಬಂದವರಿಗೂ ಹಾಗೆಯೇ ಎದ್ದು ತೋರಿಸಿದೆ. ಕುಳಿತಲ್ಲಿಂದ ತೋರಿಸಿದರೆ ಯಾರಿಗೂ ಸಮಾಧಾನವಿಲ್ಲ. ಅಡಿಗೆಮನೆಯಲ್ಲಿ ಒರಳುಕಲ್ಲಿನ ಸದ್ದು ನಿಲ್ಲಲೇ ಇಲ್ಲ. ದೀಪ ಹಚ್ಚಿದ ಮೇಲೆ, ದಣಿದು, ನನ್ನ ಸಂಜೆಯ ಚಹಾ ಕೇಳಿದೆ.

"ಶುಂಠಿ ತೀರೇತ್ರಿ," ಎಂದಳು ಹೆಂಡತಿ. "ಬಂದವ್ರೆಲ್ಲಾ ಅದ್ಯಾವ ಚಾ, ನಮಗೂ ಕೊಡ್ರಿ ಅಂದ್ರು. ಮಾಡಿ ಕೊಟ್ಟೆ. ಸಕ್ರಿ ಹಾಲು ಹಾಕಿದ್ರ ಭಾಳ ಚಲೋ ಆಗತೈತಂತ ನೋಡ್ರಿ ಅದು."

ನನ್ನ ಗಂಟಲನ್ನು ವಿಚಾರಿಸಲು ಬಂದ ಗಂಟಲುಗಳೆಲ್ಲ ಅಂದು ಗುಣವಾಗಿ ಮನೆಗೆ ಹೋದವು.

೩. ನೀರಿನ ಬದಲು

ಕಾಗವಾಡಕ್ಕೆ ಹೊರಟವನು ರಾಯಬಾಗದಲ್ಲಿ ಇಳಿದೆ. ನನ್ನಲ್ಲಿ ಓದಿದ ಶಿಷ್ಯನೊಬ್ಬನು ಅಲ್ಲಿ ಕಬ್ಬು ಬೆಳೆಯುತ್ತಿದ್ದನು. ಒಂದು ಹೊತ್ತು ತನ್ನ ಹೊಲದ ಮನೆಯಲ್ಲಿ ಇಳಿದು ಹೋಗಲೇಬೇಕೆಂದು ಹೇಳಿಕಳಿಸಿದ್ದನು. ಗಾಣ ನಡೆದಿತ್ತು. ಬೆಲ್ಲದ ಕೊಪ್ಪರಿಗೆಯ ಹಬೆ ನನ್ನನ್ನು ದೂರದಿಂದಲೇ ಹೆದರಿಸಿತು.

"ಸಕ್ಕರೆಯ ಒಂದು ಹರಳು ಬಿದ್ದರೂ ನಾನು ಬಸ್ಸು ಹತ್ತಿಬಿಡುತ್ತೇನೆ," ಎಂದು ಕೂರುವ ಮೊದಲೇ ಹೇಳಿದೆ.

ಶಿಷ್ಯನ ಮುಖ ಬಾಡಿತು. "ಸರ, ಕಾರಖಾನೀಗೆ ಕಬ್ಬ ಕಳಸಾಂವ ನಾ. ನನ್ನ ಹೊಲಕ್ಕ ಬಂದು ನೀವು ಸಪ್ಪನ ಚಾ ಕುಡದ್ರಿ ಅಂದ್ರ ನಮ್ಮ ಮಾವನ ಮನಿಯವ್ರು ಏನ ಅಂದಾರು? ಮಗಳನ್ನ ಎಂಥಾ ಮನಿಗೆ ಕೊಟ್ಟಿವಪ್ಪಾ ಅಂತಾರ."

"ಏನಾದರೂ ಅನ್ನಲಿ."

"ಬರೋಬರಿ ಬಿಡ್ರಿ. ಸಕ್ರಿ ಹಾಕೂದಿಲ್ಲ."

"ಬೆಲ್ಲವೂ ಕೂಡದು."

ಅವನು ಒಂದು ನಿಟ್ಟುಸಿರು ಬಿಟ್ಟನು. "ಬೆಲ್ಲಾನೂ ಹಾಕೂದಿಲ್ರಿ."

"ಹಾಲು ಸಹ."

"ಎಮ್ಮಿ ಹಾಲು ಒಂದ ಹನಿ ಇಲ್ರಿ, ಸರ."

ಚಹಾ ಬಂತು. ಬಣ್ಣದಲ್ಲಿ ಕಪ್ಪು, ಮೇಲೆ ಶುಂಠಿಯ ಚೂರುಗಳು ತೇಲುತ್ತಿವೆ, ಹಾಲಿನ ಸುಳಿವಿಲ್ಲ. ಲೋಕದಲ್ಲಿ ಒಬ್ಬ ಶಿಷ್ಯನಾದರೂ ಗುರುವಾಕ್ಯವನ್ನು ಪಾಲಿಸಿದನಲ್ಲ ಎಂದು ಕಣ್ಮುಚ್ಚಿ ಗುಟುಕರಿಸಿದೆ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಅದು ಚಹಾ ಅಲ್ಲ, ಜಿಲೇಬಿ ಅದ್ದುವ ಪಾಕ.

"ಏನು ಹಾಕಿದ್ದೀಯಾ ಇದರಲ್ಲಿ?"

"ಸಕ್ರಿ ಇಲ್ಲ, ಬೆಲ್ಲಾ ಇಲ್ಲ, ಆಣಿ ಮಾಡಿ ಹೇಳತೇನ್ರಿ."

"ಮತ್ತೆ ಈ ಸಿಹಿ ಎಲ್ಲಿಂದ ಬಂತು?"

"ಗಾಣ ನಡದೈತಲ್ರಿ ಸರ. ನೀರಿನ ಬದ್ಲಿ ಕಬ್ಬಿನ ರಸದಾಗ ಕುದಿಸೀವಿ. ನೀರ ಹಾಕ ಅಂತ ನೀವೇನೂ ಅಂದಿರಲಿಲ್ಲಲ್ರಿ."

ಪದ್ಯದಲ್ಲಿ ಇಲ್ಲದ ಮಾತನ್ನು ಅರ್ಥದಲ್ಲಿ ತರಕೂಡದೆಂದು ತರಗತಿಯಲ್ಲಿ ಅವನಿಗೆ ಕಲಿಸಿದವನು ನಾನೇ.

೪. ಅಥಣಿಯ ಪರೋಪಕಾರಿ

ಅಥಣಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ಶುಂಠಿ ಚಹಾ, ಸಕ್ಕರೆಯಿಲ್ಲದೆ, ಎಂದು ಮೆಲ್ಲಗೆ ಹೇಳಿದೆ. ಗಲ್ಲೆಯ ಮೇಲೆ ಹಣ ಎಣಿಸುತ್ತಿದ್ದ ಮಾಲೀಕನು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನು ನೋಡಿದನು.

"ಸಕ್ರಿ ಇಲ್ಲದ ಚಾ ಅಂದ್ರ ಮಗಳಿಲ್ಲದ ಮನಿಗೆ ಅಳಿಯಾ ಬಂದಂಗರಿ. ಯಾಕ ಬಂದ, ಯಾಕ ಕುಂತ, ಒಂದೂ ತಿಳಿಯೂದಿಲ್ಲ," ಎಂದು, ಒಳಗೆ ತಿರುಗಿ ಇಡೀ ಹೋಟೆಲಿಗೆ ಕೇಳುವಂತೆ ಕೂಗಿದನು: "ಒಂದ ಶುಂಠಿ, ಸಕ್ರಿ ಬಂದ್. ಪೇಶಂಟ್ ಅದಾರ."

ನನ್ನ ಬೆಂಚಿನಲ್ಲಿದ್ದವರು ಅಂಟುರೋಗವೋ ಏನೋ ಎಂದು ಅತ್ತ ಸರಿದರು. ಒಬ್ಬನು ಮಾತ್ರ ಇತ್ತ ಸರಿದನು. ಐಗಳಿ ಗ್ರಾಮದ ರೈತನೆಂದು ಅವನ ಮಾತಿನಿಂದ ತಿಳಿಯಿತು. ನನ್ನ ಚಹಾ ಬಂದೊಡನೆ, ಅದನ್ನು ಕಂಡು ಅವನ ಹೃದಯ ಕರಗಿರಬೇಕು. ನಾನು ಪೆಟ್ಟಿಗೆ ಸರಿಸಲು ಬಾಗಿದಾಗ ತನ್ನ ಬಸಿಯಲ್ಲಿದ್ದ ಹಾಲು-ಸಕ್ಕರೆಯ ಚಹಾವನ್ನೆಲ್ಲ ನನ್ನ ಬಟ್ಟಲಿಗೆ ಸುರಿದು, ಬೆರಳಿನಿಂದ ಕಲಕಿದನು.

"ಏನಿದು?" ಎಂದು ಗುಡುಗಿದೆ.

ಅವನು ಅತ್ತಿತ್ತ ನೋಡಿ, ನನ್ನ ಕಿವಿಯ ಬಳಿ ಬಾಯಿ ತಂದನು. "ಗಪ್ ಕುಡೀರಿ ಯಜಮಾನ್ರ. ನಿಮ್ಮ ಮನಿಯವ್ರು ಇಲ್ಲಿ ಯಾರೂ ಇಲ್ಲ."

೫. ವೇದಿಕೆಯ ಮೇಲಿನ ಬಟ್ಟಲು

ಕಾಗವಾಡದಲ್ಲಿ ನನಗೆ ಒಂದು ಕೋಣೆಯನ್ನೂ ಸ್ಟೋವನ್ನೂ ಕೊಟ್ಟರು. ಅದೇ ನನ್ನ ಭಾಗ್ಯ. ನಾನೇ ಶುಂಠಿ ಜಜ್ಜಿ, ನಾನೇ ಕುದಿಸಿ, ನಾನೇ ಕುಡಿದೆ. ಗಂಟಲು ದಿನದಿಂದ ದಿನಕ್ಕೆ ತೆರೆಯತೊಡಗಿತು. ಸ್ಪೀಕರಿನವನು ಪ್ರತಿ ಸಂಜೆಯೂ ತನ್ನ ಟೇಪಿನ ಪೆಟ್ಟಿಗೆಯನ್ನು ನನ್ನ ಪಾದದ ಬಳಿ, ಗಿಡುಗವು ಕಾಯುವಂತೆ, ಇಟ್ಟುಕೊಂಡು ನನ್ನ ಓದನ್ನು ಟೇಪಿಗೆ ತುಂಬಿಕೊಳ್ಳುತ್ತ ಕೂರುತ್ತಿದ್ದನು. ಎದುರಿನ ಸಾಲಿನಲ್ಲಿ ಐನಾಪುರದ ಒಬ್ಬ ವ್ಯಾಪಾರಿ. ಆತನು ನಿತ್ಯವೂ ಬರುವನು, ನಿತ್ಯವೂ ಕಾವ್ಯವು ರಸದ ತುದಿ ಮುಟ್ಟುವಾಗ ಎದ್ದು, "ಕಡೀ ಬಸ್ ಹೋತೇನಪಾ?" ಎಂದು ಕೇಳುವನು.

ಒಂದು ಸಂಜೆ ಅಧ್ಯಕ್ಷರ ಮನೆಯವರು ಭಕ್ತಿಯಿಂದ ವೇದಿಕೆಗೇ ಶುಂಠಿ ಚಹಾ ಕಳಿಸಿದರು. ಪದ್ಯದ ನಡುವೆ ಒಂದು ಗುಟುಕು ಕುಡಿದೆ. ನಿಪ್ಪಾಣಿ, ರಾಯಬಾಗ, ಅಥಣಿಗಳೆಲ್ಲವೂ ಒಟ್ಟಾಗಿ ಆ ಬಟ್ಟಲಿನಲ್ಲಿದ್ದವು. ನನ್ನ ಸಹನೆಯ ಕಟ್ಟೆ ಒಡೆಯಿತು. ಮುಂದೆ ಮೈಕು ಇದೆಯೆಂಬ ಪರಿವೆಯಿಲ್ಲದೆ ಹೇಳಿದೆ:

"ಇದು ಚಹಾ ಅಲ್ಲ, ಪಾನಕ. ಕೇಳಿರಿ. ಹೆಬ್ಬೆರಳ ತುದಿಯಷ್ಟು ಹಸಿಶುಂಠಿ ಸಾಕು. ತೊಳೆದು, ಸಿಪ್ಪೆ ಹೆರೆದು, ಜಜ್ಜಿರಿ. ಅರೆದು ಹಿಟ್ಟು ಮಾಡಬೇಡಿರಿ. ಮೊದಲು ನೀರು, ನೀರಿನಲ್ಲಿ ಶುಂಠಿ. ಸಣ್ಣ ಉರಿಯಲ್ಲಿ ಕುದಿದು ಮನೆಯೆಲ್ಲ ಘಮಘಮಿಸಿದ ಮೇಲೆ ಚಹಾಪುಡಿ ಹಾಕಿ, ಇಳಿಸಿ, ಮುಚ್ಚಿರಿ. ಪುಡಿಯನ್ನು ಕುದಿಸುತ್ತಲೇ ಇದ್ದರೆ ಕಹಿಯಾಗುತ್ತದೆ. ಆ ಕಹಿಯನ್ನು ಅಡಗಿಸಲು ನೀವು ಸಕ್ಕರೆ ಸುರಿಯುತ್ತೀರಿ. ಕಫ ಕರಗಿಸುವುದು, ಗಂಟಲು ಬಿಡಿಸುವುದು, ಹಸಿವು ಕೆರಳಿಸುವುದು, ಹೊಟ್ಟೆಯ ವಾಯು ಇಳಿಸುವುದು: ಇಷ್ಟು ಗುಣಗಳನ್ನಿಟ್ಟು ದೇವರು ಒಂದು ಬೇರನ್ನು ಕೊಟ್ಟರೆ ನೀವು ಅದನ್ನು ಸಕ್ಕರೆಯಲ್ಲಿ ಹೂಳುತ್ತೀರಿ. ನನಗೆ ಹಾಲು ಬೇಡ, ಸಕ್ಕರೆ ಬೇಡ, ಬೆಲ್ಲ ಬೇಡ. ಬಿಸಿನೀರು, ಒಂದು ಚೂರು ಶುಂಠಿ, ಒಂದು ಚಿಟಿಕೆ ಪುಡಿ. ಈ ಜನ್ಮಕ್ಕೆ ನನಗೆ ಇಷ್ಟೇ ಸಾಕು."

ಸಭೆಯಲ್ಲಿ ಅಂಥ ಮೌನವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೂಸುಗಳು ಸಹ ಅಳು ನಿಲ್ಲಿಸಿದ್ದವು. ಹಿಂದಿನ ಸಾಲಿನಿಂದ ಹೆಣ್ಣುಮಗಳೊಬ್ಬಳು ಕೇಳಿದಳು: "ಮುಚ್ಚಿ ಎಷ್ಟೊತ್ತ ಇಡಬೇಕ್ರಿ ಗುರುಗಳ?"

"ಒಂದು ಪದ್ಯ ಓದುವಷ್ಟು ಹೊತ್ತು," ಎಂದು ಸಿಡುಕಿ, ಕಾವ್ಯಕ್ಕೆ ಮರಳಿದೆ. ಐನಾಪುರದ ವ್ಯಾಪಾರಿ ಎದ್ದು ಬಸ್ಸು ವಿಚಾರಿಸಿದನು.

ಮರುದಿನ ಓದು ತೊಡಗುವ ಮುನ್ನ ಹಿರಿಯರಿಬ್ಬರು ವೇದಿಕೆಯ ಬಳಿ ಬಂದರು. "ಇವತ್ತೂ ಚಾದ್ದ ಹೇಳತೀರೇನ್ರಿ, ಇಲ್ಲಾ ಬರೇ ಕಾವ್ಯಾನ?"

"ಕಾವ್ಯ," ಎಂದೆ, ಹಲ್ಲು ಕಚ್ಚಿ.

"ಹಂಗಾರ ಊಟಾ ಮುಗಿಸಿಕೊಂಡ ಬರತೇವ್ರಿ."

೬. ಕೊನೆಯ ಸಂಜೆ

ಕೊನೆಯ ದಿನ ಬೆಳಿಗ್ಗೆ ನನ್ನ ಕಂಠವು ಯೌವನದಲ್ಲಿ ಇದ್ದಂತೆ ಇತ್ತು. ಕೋಣೆಯಲ್ಲಿ ಒಬ್ಬನೇ ಆ ತಾಯಿಯ ಮೊದಲ ಪದ್ಯವನ್ನು ಹಾಡಿಕೊಂಡೆ. ನನಗೇ ಕಣ್ಣು ಮಂಜಾಯಿತು. ಇಂದು ಆಗುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಅಧ್ಯಕ್ಷರು. ಗುರುಗಳು ನಾಳೆ ಹೊರಡುವವರು, ಅವರು ಹೇಳಿದಂತೆಯೇ ಚಹಾ ಮಾಡಿದ್ದೇವೆ, ಒಮ್ಮೆ ಬಂದು ರುಚಿ ನೋಡಲಿ ಎಂದು ಮನೆಮನೆಯಿಂದಲೂ ಕರೆ ಬಂದಿತ್ತು. ನನ್ನ ಉಪದೇಶ ವ್ಯರ್ಥವಾಗಲಿಲ್ಲವೆಂಬ ಸಂತೋಷದಲ್ಲಿ ಮೊದಲ ಮನೆಗೆ ಹೋದೆ. ಹಾಲಿಲ್ಲ, ಸಕ್ಕರೆಯಿಲ್ಲ, ನಿಜ. ಆದರೆ ಅತಿಥಿಯ ಗೌರವವನ್ನು ಯಾವುದಾದರೊಂದು ಪದಾರ್ಥದ ರಾಶಿಯಿಂದ ಅಳೆಯದೆ ಈ ಸೀಮೆಯವರಿಗೆ ಸಮಾಧಾನವಿಲ್ಲ. ಸಕ್ಕರೆಯ ರಾಶಿಗೆ ನಿಷೇಧ ಬಿದ್ದದ್ದರಿಂದ ಆ ಗೌರವವೆಲ್ಲ ಶುಂಠಿಗೆ ವರ್ಗವಾಗಿತ್ತು. ಗುಟುಕು ಇಳಿದ ದಾರಿಯೆಲ್ಲ ಉರಿ.

"ಹೆಂಗೈತ್ರಿ?"

"ಶುಂಠಿ ಸ್ವಲ್ಪ..."

"ಕಡಿಮಿ ಆತೇನ್ರಿ? ಏ, ಇನ್ನೊಂದ ಗಡ್ಡಿ ಜಜ್ಜಿ ತಾರವ್ವಾ."

ಎರಡನೆಯ ಮನೆಯಲ್ಲಿ ಒಲ್ಲೆನೆಂದೆ. "ಅವ್ರ ಮನ್ಯಾಗ ಕುಡದ್ರಿ, ನಮ್ಮ ಮನ್ಯಾಗ ಯಾಕ ಒಲ್ಲಿರಿ? ನಾವೇನ ಅಂಥಾ ತಪ್ಪ ಮಾಡೀವಿ?" ಎಂದು ಮನೆಯೊಡತಿ ಕೇಳಿದಳು. ಅಲ್ಲಿಂದ ಮುಂದೆ ನಿರಾಕರಿಸುವ ದಾರಿ ಉಳಿಯಲಿಲ್ಲ. ನಿಪ್ಪಾಣಿಯ ವೈದ್ಯರ ಮುಖ ಪ್ರತಿ ಬಟ್ಟಲಿನ ತಳದಲ್ಲಿಯೂ ಕಾಣುತ್ತಿತ್ತು. ಸಂಜೆ ವೇದಿಕೆ ಹತ್ತಿ, ಸಭೆಗೆ ಕೈಮುಗಿದು, ಬಾಯಿ ತೆರೆದೆ. ಸದ್ದು ಬರಲಿಲ್ಲ. ಹರಕು ತಿದಿಯಿಂದ ಹೊರಡುವಂಥ ಗಾಳಿ ಮಾತ್ರ ಬಂತು.

ಅಧ್ಯಕ್ಷರು ಸ್ವಲ್ಪವೂ ವಿಚಲಿತರಾಗಲಿಲ್ಲ. "ಕಾಳಜಿ ಬ್ಯಾಡ್ರಿ, ಹಚ್ಚೋ ಟೇಪ್," ಎಂದರು.

ಈ ಭಾಗವನ್ನು ನಾನಿನ್ನೂ ಓದಿಯೇ ಇಲ್ಲ, ಟೇಪಿನಲ್ಲಿ ಎಲ್ಲಿಂದ ಬರಬೇಕು ಎಂದು ಕೈಸನ್ನೆಯಿಂದ ಕೂಗಿದೆ. ಯಾರಿಗೂ ತಿಳಿಯಲಿಲ್ಲ. ಗುರುಗಳು ಆಶೀರ್ವಾದ ಮಾಡುತ್ತಿದ್ದಾರೆಂದು ಕೆಲವರು ತಲೆ ಬಾಗಿಸಿದರು. ಸ್ಪೀಕರಿನವನು ಗುಂಡಿ ಒತ್ತಿದನು. ಕರ್‌ ಎಂದ ಸದ್ದಿನ ಹಿಂದೆ ನನ್ನದೇ ಕಂಠ, ಸಿಟ್ಟಿನಿಂದ ಕಂಪಿಸುತ್ತ, ಊರಿನ ಮೇಲೆಲ್ಲ ಹರಡಿತು: "ಇದು ಚಹಾ ಅಲ್ಲ, ಪಾನಕ. ಕೇಳಿರಿ."

ನಾನು ಸ್ಪೀಕರಿನವನ ಅಂಗಿ ಹಿಡಿದು ಜಗ್ಗಿದೆ. ಅವನು ವಿನಯದಿಂದ ವಿವರಿಸಿದನು: "ಕ್ಯಾಸೆಟ್ ಒಂದ ಇತ್ರಿ ಗುರುಗಳ. ದಿನಾ ಅದರ ಮ್ಯಾಲ ತುಂಬತಿದ್ದೆ. ಚಾದ್ದ ಮಾತ್ರ ಅಳಿಸಬ್ಯಾಡ ಅಂತ ಹೆಣ್ಮಕ್ಕಳು ಹೇಳಿ ಕಳಸಿದ್ರು. ಮಂದಿ ಗಪ್ ಕುಂತ ಕೇಳಿದ್ದು ಅದೊಂದ ದಿನಾ ನೋಡ್ರಿ."

ಮಂದಿ ಅಂದೂ ಗಪ್ಪಾಗಿ ಕುಳಿತಿದ್ದರು. ಕಳದಲ್ಲಿ ಮಗನನ್ನು ಹುಡುಕಬೇಕಾಗಿದ್ದ ತಾಯಿ ಕಾವ್ಯದ ಮುಚ್ಚಿದ ಹಾಳೆಗಳ ನಡುವೆಯೇ ಉಳಿದಳು. ಅವಳ ಸಭೆಯನ್ನು ಹೆಬ್ಬೆರಳ ತುದಿಯಷ್ಟು ಶುಂಠಿ ಆಕ್ರಮಿಸಿತು. ಹಿಂದಿನ ಬಾರಿ ವಿಧಾನದ ಕಡೆಗೆ ಗಮನವಿತ್ತವರು ಈಗ, ಮೂಕನಾಗಿ ಕುಳಿತ ನನ್ನ ಮುಖವನ್ನು ನೋಡುತ್ತ, ಭಾವದ ಕಡೆಗೆ ತಿರುಗಿದರೆಂದು ತೋರುತ್ತದೆ. "ನನಗೆ ಹಾಲು ಬೇಡ, ಸಕ್ಕರೆ ಬೇಡ, ಬೆಲ್ಲ ಬೇಡ," ಎಂದು ಟೇಪು ಹೇಳುತ್ತಿದ್ದಂತೆ ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗನ್ನು ಕಣ್ಣಿಗೊತ್ತಿದಳು. "ಈ ಜನ್ಮಕ್ಕೆ ನನಗೆ ಇಷ್ಟೇ ಸಾಕು," ಎಂದಾಗ ಅವಳ ಪಕ್ಕದವಳು ಬಿಕ್ಕಿದಳು. "ಪಾಪ, ಇಷ್ಟ ವಯಸ್ಸಿನ ಮಟಾ ಸಪ್ಪನ ಚಾ ಮ್ಯಾಲ ಬದಕ್ಯಾರ," ಎಂಬ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಹೋದಲ್ಲೆಲ್ಲ ಸೆರಗುಗಳೂ ಟವೆಲುಗಳೂ ಮೇಲೆದ್ದವು. ದೂರದಲ್ಲಿ ಕೊನೆಯ ಬಸ್ಸಿನ ಹಾರನ್ನು ಕೇಳಿಸಿತು. ಐನಾಪುರದ ವ್ಯಾಪಾರಿ ಏಳಲಿಲ್ಲ. ಮೂಗು ಒರೆಸಿಕೊಳ್ಳುತ್ತ ಕುಳಿತೇ ಇದ್ದನು.

ನನ್ನ ಗುರುಗಳ ಸಭೆಯೂ ಇಷ್ಟು ಅತ್ತಿರಲಿಲ್ಲ. ಆ ಕಣ್ಣೀರೆಲ್ಲ ಯಾವುದಕ್ಕೆ ಸುರಿಯುತ್ತಿದೆಯೆಂದು ನೆನೆದು, ಸಿಟ್ಟನ್ನು ಹೊರಗೆ ಹಾಕಲು ಧ್ವನಿಯೂ ಇಲ್ಲದೆ, ನನ್ನ ಕಣ್ಣಿನಿಂದಲೂ ನೀರು ಇಳಿಯಿತು. ಅದನ್ನು ಕಂಡ ಮುದುಕಿ ಎದ್ದು ಹೋಗಿ, ಬಂದು, ವೇದಿಕೆ ಹತ್ತಿ, ನನ್ನ ಕೈಗೆ ಒಂದು ಬಿಸಿ ಬಟ್ಟಲನ್ನು ಹಿಡಿಸಿದಳು.

"ಅಳಬ್ಯಾಡೋ ನನ ಮಗನ," ಎಂದು ಬೆನ್ನು ಸವರಿದಳು. "ಕುಡಿ. ಸಕ್ರಿ ಜಾಸ್ತೀನ ಹಾಕೇನಿ."